ಎಂಜಿನ್ ಇಲ್ಲದ ರೈಲು

ನಮ್ಮ ಕೊಡಗಿಗೆ ರೈಲು ಬರಲೇ ಇಲ್ಲ. ಆದರೂ ಅದು ಡೀಸೆಲ್‌ನಲ್ಲಿ ಓಡಬೇಕೋ ಕರೆಂಟಿನಲ್ಲಿ ಓಡಬೇಕೋ ಎಂಬ ಜಗಳ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿತ್ತು. ಜಗಳವಾಡುತ್ತಿದ್ದವರು ನನ್ನ ಗಂಡ ಮತ್ತು ನನ್ನ ಮಾವ.

ಮಾವ ನೆಲ್ಯಹುದಿಕೇರಿ ಹತ್ತಿರ ದೊರೆಯೊಬ್ಬರ ಎಸ್ಟೇಟಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವನ್ನು ತಿರುಗಿಸುತ್ತಿದ್ದ ಡೀಸೆಲ್ ಎಂಜಿನ್ ಅದು. ಬೆಳಿಗ್ಗೆ ಅದರ ತಲೆಯನ್ನು ಬೆಂಕಿಯಲ್ಲಿ ಕಾಯಿಸಿ ಚಕ್ರಕ್ಕೆ ಕೈ ಕೊಟ್ಟರೆ ಕೆಮ್ಮಿ, ಉಗುಳಿ, ಕಪ್ಪು ಹೊಗೆ ಬಿಟ್ಟು ಏಳುತ್ತಿತ್ತು. ಸದ್ದಿನಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಮಾವ ಊಟದ ತಟ್ಟೆ ಬಿಟ್ಟು ಓಡುತ್ತಿದ್ದರು. ನನ್ನ ಗಂಡನೂ ಅಲ್ಲೇ ಕೆಲಸ ಕಲಿತವರು. ಆಮೇಲೆ ರಿಪೇರಿಗೆ ಬಂದಿದ್ದ ಮೇಸ್ತ್ರಿಯ ಜೊತೆ ಮದ್ರಾಸಿಗೆ ಹೋಗಿ, ತಾಂಬರಂಗೆ ಓಡುವ ಕರೆಂಟ್ ರೈಲುಗಳ ಶೆಡ್ಡಿನಲ್ಲಿ ಫಿಟ್ಟರ್ ಆದರು.

ಕೈಲ್ ಮುಹೂರ್ತದ ಹಬ್ಬಕ್ಕೆ ರಜೆ ಹಾಕಿ ಬರುತ್ತಿದ್ದರು. ಅಂದು ಕೋವಿ, ಕತ್ತಿಗಳ ಜೊತೆ ಮಾವ ತಮ್ಮ ಸ್ಪ್ಯಾನರನ್ನೂ ತೊಳೆದು ಪೂಜೆಗೆ ಇಡುತ್ತಿದ್ದರು. ಇವರು ಅದರ ಪಕ್ಕದಲ್ಲಿ ತಮ್ಮ ಇಕ್ಕಳ ಇಡುತ್ತಿದ್ದರು. ಪೂಜೆ ಮುಗಿದು ಹಂದಿಮಾಂಸದ ಸಾರು, ಕಡುಬು ಬಡಿಸುವ ಹೊತ್ತಿಗೆ ಮಾವ ಶುರು ಮಾಡುತ್ತಿದ್ದರು.

“ಕೊಡಗಿಗೆ ಬರುವುದಾದ್ರೆ ಡೀಸೆಲ್ ರೈಲೇ ಬರ್ಬೇಕು. ಈ ಮಳೆಗೆ ನಿನ್ನ ತಂತಿ ನಿಲ್ತದಾ? ಒಂದು ಮರ ಬಿದ್ರೆ ಸಾಕು, ಇದ್ದಬದ್ದ ರೈಲೆಲ್ಲ ಅಲ್ಲಲ್ಲೇ.”

“ನಮ್ಮ ರೈಲು ಹೆಜ್ಜೆಗೊಂದು ಸ್ಟೇಷನ್ನಿನಲ್ಲಿ ನಿಲ್ಲುವಂಥದ್ದು ಅಪ್ಪ. ನಿಮ್ಮ ಡೀಸೆಲ್ ಕೆಮ್ಮಿ ಏಳುವಷ್ಟರಲ್ಲಿ ನಮ್ಮದು ಮುಂದಿನ ಸ್ಟೇಷನ್ ಮುಟ್ಟಿರ್ತದೆ.”

“ಹೊಗೆ ಇಲ್ಲ, ಸದ್ದಿಲ್ಲ. ಅದಕ್ಕೆ ಜೀವ ಉಂಟೋ ಇಲ್ಲವೋ ಹೇಗೆ ಗೊತ್ತಾಗುವುದು ಮಾರಾಯ?”

“ಒಂದು ಸಲ ಬನ್ನಿ. ತೋರಿಸ್ತೇನೆ.”

ಮಾವ ಆಗ ಯಾವ ರೈಲನ್ನೂ ಕಂಡವರಲ್ಲ. ನಾನೂ ಅಷ್ಟೆ.

ನಾವು ಹೋಗುವ ದಿನ ಬಂತು, ತೋರಿಸುವವರು ಮಾತ್ರ ಜೊತೆಗಿರಲಿಲ್ಲ. ನನ್ನ ಗಂಡನಿಗೆ ವಿಷಮಶೀತ ಜ್ವರ, ಆಸ್ಪತ್ರೆಗೆ ಸೇರಿಸಿದ್ದೇವೆ, ಕೂಡಲೇ ಬನ್ನಿ ಎಂದು ಟೆಲಿಗ್ರಾಂ ಬಂದಿತ್ತು. ಮಾವನೂ ನಾನೂ ಮೈಸೂರಿನ ಬಸ್ಸು ಹಿಡಿದೆವು. ಅವರು ಮಾತಾಡುವ ಸ್ಥಿತಿಯಲ್ಲಿ ಸಿಗಬೇಕು, ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿದ್ದದ್ದು ಅದೊಂದೇ.

ಮೈಸೂರು ಸ್ಟೇಷನ್ನಿನಲ್ಲಿ ಬರೀ ಡಬ್ಬಿಗಳು ನಿಂತಿದ್ದವು. ಜನ ಹತ್ತಿ ಕುಳಿತರೂ ರೈಲು ಅಲುಗಲಿಲ್ಲ. ಕೊನೆಗೆ ಎಲ್ಲಿಂದಲೋ ಎಂಜಿನ್ ಬಂದು ಮುಂದೆ ಕೂಡಿಕೊಂಡಿತು. ಬೆಂಗಳೂರಿನಲ್ಲೂ ಹಾಗೇ ಆಯಿತು. “ನೋಡಿದ್ಯಾ ಮಗಳೇ, ಎತ್ತು ಕಟ್ಟದೆ ಗಾಡಿ ಹೊರಡುವುದಿಲ್ಲ” ಎಂದರು ಮಾವ. ಪರವೂರಿನಲ್ಲಿ ಒಂದು ವಿಷಯವಾದರೂ ತಿಳಿಯಿತಲ್ಲ ಎಂಬ ಸಮಾಧಾನ ಅವರ ಮುಖದಲ್ಲಿತ್ತು.

ಆಸ್ಪತ್ರೆ ಇದ್ದದ್ದು ತಾಂಬರಂ ಕಡೆ. ಮದ್ರಾಸಿನಲ್ಲಿಳಿದು, ಅಲ್ಲಿಗೆ ಹೋಗುವ ಕರೆಂಟ್ ರೈಲು ಹೊರಡುವ ಸ್ಟೇಷನ್ನಿಗೆ ಜಟಕಾ ಮಾಡಿಕೊಂಡು ಹೋದೆವು. ರೈಲು ನಿಂತಿತ್ತು. ಮಾವ ನನ್ನನ್ನು ಬೆಂಚಿನ ಮೇಲೆ ಕೂರಿಸಿ, ರೈಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿಬಂದರು.

“ಬರೀ ಡಬ್ಬಿ ಉಂಟು. ಎಂಜಿನ್ ಕಟ್ಟಲಿ, ಆಮೇಲೆ ಹತ್ತುವ. ನೀನು ಸ್ವಲ್ಪ ಕಾಲು ಚಾಚಿ ಕೂತ್ಕೋ.”

ನನಗೂ ಅದೇ ಸರಿಯೆನಿಸಿತು. ಗಂಟು ಬಿಚ್ಚಿ ಅಕ್ಕಿರೊಟ್ಟಿ ತೆಗೆಯುತ್ತಿದ್ದೆ. ತಲೆಯೆತ್ತಿದಾಗ ಡಬ್ಬಿಗಳು ಜರುಗುತ್ತಿದ್ದವು. ಹೊಗೆಯಿಲ್ಲ, ಜಗ್ಗಾಟವಿಲ್ಲ. ನಾವು ನೋಡುತ್ತಿದ್ದಂತೆಯೇ ಪ್ಲಾಟ್‌ಫಾರ್ಮ್ ಖಾಲಿಯಾಯಿತು. ಮಾವ ರೊಟ್ಟಿ ಹಿಡಿದು ಹಾಗೇ ನಿಂತಿದ್ದರು.

“ಅದೇ ಮಗಳೇ” ಎಂದರು ಮೆಲ್ಲಗೆ. “ಅವನು ಹೇಳಿದ್ದು ಇದೇ.”

ಮುಂದಿನ ರೈಲು ಬೇಗನೇ ಬಂತು. ಈ ಸಲ ನಾನೇ ಅವರ ಕೈ ಹಿಡಿದು ಹತ್ತಿದೆ. ಸ್ಟೇಷನ್ ಮೇಲೆ ಸ್ಟೇಷನ್ ಬರುತ್ತಿತ್ತು. ನಿಂತ ಮರುಕ್ಷಣ ಅದು ಹೊರಡುತ್ತಿತ್ತು. ಆದರೂ ಬಿಟ್ಟುಹೋದ ಆ ರೈಲು ನಮ್ಮ ಮುಂದೆಯೇ ಓಡುತ್ತಿದೆ, ಅದರಲ್ಲಿದ್ದವರು ನನ್ನ ಗಂಡನನ್ನು ನನಗಿಂತ ಮೊದಲು ನೋಡುತ್ತಾರೆ ಎಂದು ಏನೇನೋ ಅನಿಸುತ್ತಿತ್ತು.

ಆಸ್ಪತ್ರೆಯಲ್ಲಿ ನನ್ನ ಗಂಡ ಎಚ್ಚರವಾಗಿದ್ದರು. ತುಟಿ ಒಡೆದಿತ್ತು, ಗಲ್ಲ ಒಳಗೆ ಹೋಗಿತ್ತು. ನನ್ನನ್ನು ನೋಡಿ ಕೈ ಚಾಚಿದರು. ನಾನು ಆ ಕೈ ಹಿಡಿದು ಪಕ್ಕದಲ್ಲಿ ಕುಳಿತೆ. ಮಾವ ‘ಹೇಗಿದ್ದೀ’ ಎಂದೂ ಕೇಳಲಿಲ್ಲ.

“ಎಂಥ ರೈಲು ಮಾರಾಯ ನಿನ್ನದು? ಗಾಡಿಗೆ ಎತ್ತು ಕಟ್ಟಿದ ಹಾಗೆ ಎಂಜಿನ್ ಕಟ್ತಾರೆ ಅಂತ ಕಾಯ್ತಾ ಕೂತು ಒಂದನ್ನು ಬಿಟ್ಟೆ.”

ನನ್ನ ಗಂಡ ನಕ್ಕರು. ಸದ್ದೇ ಇಲ್ಲದ ನಗು. ಹೊದಿಕೆಯೊಳಗೆ ಹೆಗಲು ಅಲುಗುತ್ತಿತ್ತು.

“ಎತ್ತು ಡಬ್ಬಿಯ ಹೊಟ್ಟೆಯಲ್ಲೇ ಉಂಟಪ್ಪ” ಎಂದರು. “ಹೇಗಿತ್ತು?”

“ಬೇಗ ತಂದು ಮುಟ್ಟಿಸಿತು” ಎಂದರು ಮಾವ. ಅಷ್ಟು ವರ್ಷಗಳಲ್ಲಿ ಅವರು ಸೋತದ್ದು ಅದೊಂದೇ ಸಲ.

ಮರುದಿನ ಜ್ವರ ತಲೆಗೇರಿತು. ಆಮೇಲೆ ಅವರು ನಮ್ಮನ್ನು ಗುರುತಿಸಲಿಲ್ಲ. ನಾವಿಬ್ಬರೇ ಊರಿಗೆ ಮರಳುವಾಗ ಮಾವನ ಗಂಟಿನಲ್ಲಿ ಆ ಇಕ್ಕಳವಿತ್ತು.

ಒಂದು ವರ್ಷ ಹಬ್ಬ ಮಾಡಲಿಲ್ಲ. ಅದರ ಮುಂದಿನ ಕೈಲ್ ಮುಹೂರ್ತಕ್ಕೆ ಮಾವ ಸ್ಪ್ಯಾನರ್ ತೊಳೆದಿಟ್ಟರು. ಇಕ್ಕಳವನ್ನು ನಾನು ಇಟ್ಟೆ. ನೆಂಟರೆಲ್ಲ ಊಟಕ್ಕೆ ಕುಳಿತಿದ್ದರು. ಮಾವ ಕಡುಬು ಮುರಿಯುತ್ತಾ, ತಟ್ಟೆಯನ್ನೇ ನೋಡುತ್ತಾ ಹೇಳಿದರು:

“ಏನೇ ಹೇಳಿ, ಕೊಡಗಿಗೆ ಡೀಸೆಲ್ ರೈಲೇ ಸರಿ. ಈ ಮಳೆಗೆ ತಂತಿ ನಿಲ್ತದಾ?”

ಪಂಕ್ತಿಯಲ್ಲಿ ಯಾರೂ ತಲೆಯೆತ್ತಲಿಲ್ಲ. ಮಾವನೂ ತಲೆಯೆತ್ತಲಿಲ್ಲ. ಆದರೆ ಅವರ ಕೈ ತಟ್ಟೆಯ ಮೇಲೆ ನಿಂತಿತ್ತು, ಅವರು ಕಾಯುತ್ತಿದ್ದರು. ನಾನು ಸಾರಿನ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿದ್ದೆ.

“ನಿಮ್ಮದು ಕೆಮ್ಮಿ ಏಳುವಷ್ಟರಲ್ಲಿ ನಮ್ಮದು ಮುಂದಿನ ಸ್ಟೇಷನ್ ಮುಟ್ಟಿರ್ತದೆ ಮಾವ” ಎಂದೆ.

“ಹೌದಾ” ಎಂದರು. “ಹಾಗಾದ್ರೆ ಇನ್ನೆರಡು ಕಡುಬು ಹಾಕು.”