ಹತ್ತುವಾಗ ಗಟ್ಟಿ, ಇಳಿಯುವಾಗ ರೋಗಿ

ನನ್ನ ತಂಗಿಯ ಮಗಳಿಗೆ ನಾವಿಟ್ಟ ಅಡ್ಡಹೆಸರು ಬುಗುರಿ. ಚಿಕ್ಕಂದಿನಲ್ಲಿ ಕೂತಲ್ಲಿ ಕೂರುತ್ತಿರಲಿಲ್ಲ ಅಂತ ಇಟ್ಟದ್ದು. ಡಾಕ್ಟರಿಕೆ ಓದಲು ಸೇರಿದ ಮೇಲೆ ಆ ಹೆಸರು ಸಾರ್ಥಕವಾಯಿತು. ಓದುವುದು ಒಂದು ಕಾಲೇಜಿನಲ್ಲಿ, ಸಂಶೋಧನೆ ಮಾಡುವುದು ಮೂರು ಕಡೆ. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಅಂತ ಹಿರಿಯರು ಹೇಳಿದ್ದು ಎರಡೇ ಕಾಲಿರುವ ಸಾಧಾರಣ ಜನರ ಬಗ್ಗೆ. ವೈದ್ಯ ವಿದ್ಯಾರ್ಥಿಗಳಿಗೆ ಎಷ್ಟು ಕಾಲಿರುತ್ತವೆ ಅಂತ ಪಾಪ ಅವರಿಗೆ ಗೊತ್ತಿರಲಿಲ್ಲ.

ಯಾಕೆ ಬೇಕು ಇದೆಲ್ಲ ಅಂದರೆ, "ಮಾವ, ಮುಂದಿನ ಓದಿಗೆ ಸೀಟು ಸಿಗಬೇಕಾದರೆ ಪೇಪರ್ ಇರಬೇಕು, ದೊಡ್ಡವರ ಶಿಫಾರಸು ಪತ್ರ ಇರಬೇಕು" ಅಂದಳು. ಪೇಪರ್ ಅಂದರೆ ಸಂಶೋಧನೆ ಮಾಡಿ ಅಚ್ಚು ಹಾಕಿಸುವ ಬರಹ. ಒಂದೊಂದರ ತಲೆಯ ಮೇಲೂ ಒಂದು ಸಾಲು ಹೆಸರು. ಎರಡು ತುದಿಯಲ್ಲಿ ಕುರ್ಚಿಯಲ್ಲಿ ಕೂತವರು, ನಡುವೆ ಎಲ್ಲೋ ಕೆಲಸ ಮಾಡಿದವರು. ನಾನು ಬದುಕನ್ನೆಲ್ಲ ಮೆರವಣಿಗೆಗಳಲ್ಲಿ ಸವೆಸಿದವನು. ಮೈಕು ಹಿಡಿದವನ ಫೋಟೋ ಬರುತ್ತದೆ, ಮೈಕು ಹೊತ್ತು ತಂದವನದು ಬರುವುದಿಲ್ಲ ಅಂತ ಬಲ್ಲೆ. ಹಾಗಾಗಿ ವಿದ್ಯಾವಂತರ ಈ ಪದ್ಧತಿ ನನಗೆ ಹೊಸದೇನೂ ಅನ್ನಿಸಲಿಲ್ಲ.

ಮೂರರಲ್ಲಿ ಒಂದು ಅವಳದೇ ಕಾಲೇಜು. ಅಲ್ಲಿ ವಾರ್ಡಿನ ಕಂಬದ ಮರೆಯಲ್ಲಿ ನಿಂತು ಡಾಕ್ಟರುಗಳು ಕೈ ತೊಳೆಯುತ್ತಾರೋ ಇಲ್ಲವೋ ನೋಡುವುದು ಕೆಲಸ. ತೊಳೆಯದವರ ಪೈಕಿ ವಿಭಾಗದ ಮುಖ್ಯಸ್ಥರೂ ಇದ್ದುದರಿಂದ ಆ ಪೇಪರಿಗೆ ಯಾರಿಗೂ ಅವಸರವಿರಲಿಲ್ಲ.

ಅವಸರವಿದ್ದದ್ದು ಉಳಿದ ಎರಡಕ್ಕೆ. ಒಂದು, ದೊಡ್ಡ ಆಸ್ಪತ್ರೆಯ ಮೂರನೇ ಮಹಡಿ. ಅಲ್ಲಿಯ ಪ್ರೊಫೆಸರು ದುಡಿಯುವ ಜನರಲ್ಲಿ ಎಷ್ಟು ಮಂದಿಗೆ ಗೊತ್ತಿಲ್ಲದೇ ಬಿಪಿ ಇದೆ ಅಂತ ಹುಡುಕಿ, ಇದ್ದವರಿಗೆ ಗುಳಿಗೆ ಕೊಟ್ಟು ನೋಡುತ್ತಿದ್ದರು. ಇನ್ನೊಂದು, ನಗರದ ಆ ತುದಿಯ ಹಳೇ ಕಟ್ಟಡವೊಂದರ ನೆಲಮಹಡಿ. ಅಲ್ಲಿಯ ಮೇಡಂ ದುಡಿಯುವ ಜನರ ಹೃದಯ ಎಷ್ಟು ಗಟ್ಟಿ ಅಂತ ಅಳೆಯುತ್ತಿದ್ದರು. ಹೆಸರು ಬೇರೆ, ಕೆಲಸ ಒಂದೇ: ಜನರನ್ನು ಕರೆತರುವುದು, ತೋಳಿಗೆ ಪಟ್ಟಿ ಕಟ್ಟುವುದು, ಬಿಪಿ ಬರೆದುಕೊಳ್ಳುವುದು. ಎರಡು ಕಡೆಯೂ ಪಟ್ಟಿ ಕಟ್ಟುವವಳು ಬುಗುರಿಯೇ.

ಪ್ರೊಫೆಸರಿಗೂ ಮೇಡಮ್ಮಿಗೂ ಎಣ್ಣೆ ಸೀಗೇಕಾಯಿ. ಹಿಂದೊಮ್ಮೆ ಒಂದೇ ಪೇಪರಿನಲ್ಲಿ ಯಾರ ಹೆಸರು ಮೊದಲು ಅಂತ ಜಗಳವಾಡಿ ಬೇರೆಯಾದವರು. ಗಂಡ ಹೆಂಡತಿ ಆಗಿದ್ದರೆ ಎಂದೋ ರಾಜಿಯಾಗುತ್ತಿತ್ತು, ಇವರು ವಿಜ್ಞಾನಿಗಳು. ತಮ್ಮ ಕೈಕೆಳಗಿನ ವಿದ್ಯಾರ್ಥಿ ಬೇರೆಲ್ಲೂ ಕಾಲಿಡಬಾರದು ಅನ್ನುವುದು ಇಬ್ಬರದೂ ಕಟ್ಟಪ್ಪಣೆ. ಬುಗುರಿ ಇಬ್ಬರ ಎದುರಿಗೂ "ನಿಮ್ಮ ಹತ್ರ ಮಾತ್ರ" ಅಂತ ಹೂಂಗುಟ್ಟಿದ್ದಳು. ಚೀಲದಲ್ಲಿ ಎರಡು ಗುರುತುಚೀಟಿ. ಒಂದನ್ನು ಕಳಚಿ ಇನ್ನೊಂದನ್ನು ಸಿಕ್ಕಿಸಿಕೊಳ್ಳುವುದು ನಡುದಾರಿಯಲ್ಲಿ, ಬಸ್ಸಿನೊಳಗೆ. ನಮ್ಮ ಕಾಲದಲ್ಲಿ ಭೂಗತರಾದವರು ಕೂಡ ಇಷ್ಟು ಕಷ್ಟಪಟ್ಟಿರಲಿಲ್ಲ.

ಒಂದು ವಾರ ಎರಡು ಕಡೆಯೂ ಜನ ಕಡಿಮೆ ಬಿದ್ದರು. ಜನ ಕಡಿಮೆ ಬಿದ್ದಾಗ ವಿಜ್ಞಾನ ಸಂಬಂಧಿಕರ ಮನೆಗೆ ಬರುತ್ತದೆ. ನನ್ನ ತಂಗಿ ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ಮಗಳ ಮಾತಿಗೆ ಎರಡೂ ಕಡೆ ಹೋಗಿ ತೋಳು ಕೊಟ್ಟಳು. ಮೂರನೇ ಮಹಡಿಗೆ ನನ್ನನ್ನೂ ಎಳೆದುಕೊಂಡು ಹೋದರು.

ಆಸ್ಪತ್ರೆಯಲ್ಲಿ ಲಿಫ್ಟ್ ಇತ್ತು. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಒಬ್ಬ ಲಿಫ್ಟಿನವನು. ತಲೆಯ ಮೇಲೆ ಬೋರ್ಡು: ರೋಗಿಗಳಿಗೆ ಮತ್ತು ಪ್ರೊಫೆಸರುಗಳಿಗೆ ಮಾತ್ರ.

"ನೀವು ರೋಗೀನಾ?" ಅಂದ.

"ಅಲ್ಲ."

"ಪ್ರೊಫೆಸರಾ?"

"ನೋಡಿದ್ರೆ ಹಾಗೆ ಕಾಣ್ತೀನಾ?"

"ಇಲ್ಲ. ಅದಕ್ಕೇ ಮೆಟ್ಟಿಲು ತೋರಿಸ್ತಿದ್ದೀನಿ."

ನಾನು ಸುಮ್ಮನಿರುವ ಜಾತಿಯಲ್ಲ. ಸಾರ್ವಜನಿಕ ಸೊತ್ತು, ಜನರ ದುಡ್ಡು ಅಂತ ಶುರು ಹಚ್ಚಿಕೊಂಡೆ. ಅವನು ಕಿವಿ ತುರಿಸಿಕೊಂಡ. ಕೊನೆಗೆ ಅಣ್ಣ ತಂಗಿ ಇಬ್ಬರೂ ಮೆಟ್ಟಿಲು ಹತ್ತಿದೆವು. ಮೇಲೆ ಒಂದೇ ಒಂದು ಕುರ್ಚಿ. ಉಳಿದವು ಯಾವುದೋ ಸಮ್ಮೇಳನಕ್ಕೆ ಅಂತ ಹಾಲಿಗೆ ಹೋಗಿ ಅಲ್ಲೇ ಸಂಸಾರ ಹೂಡಿದ್ದವು. ಗೋಡೆಗೆ ಒರಗಿ ಸಾಲು ನಿಂತ ಜನ, ನಮ್ಮ ಮುಂದೆ ಒಬ್ಬ ಬಸ್ ಕಂಡಕ್ಟರು. ಒಬ್ಬ ಎದ್ದ ಕೂಡಲೇ ಇನ್ನೊಬ್ಬನನ್ನು ಕೂರಿಸಿ ಪಟ್ಟಿ ಸುತ್ತುವುದು.

"ಅಮ್ಮ, ಪಟ್ಟಿ ಕಟ್ಟಿದಾಗ ಮಾತಾಡಬೇಡ" ಅಂದಳು ಬುಗುರಿ.

"ಉಸಿರಾಡಬಹುದಾ ತಾಯಿ?" ಅಂದಳು ತಂಗಿ. ಅವಳ ಎದೆ ತಿದಿ ಒತ್ತಿದ ಹಾಗೆ ಏರಿಳಿಯುತ್ತಿತ್ತು.

ಇಬ್ಬರಿಗೂ ಬಿಪಿ ಜಾಸ್ತಿ. ಮುಂದಿನ ವಾರ ಇನ್ನೊಮ್ಮೆ ನೋಡಿಯೇ ಗುಳಿಗೆ ಕೊಡುತ್ತೇವೆ, ನಾವೇನು ಕಣ್ಣುಮುಚ್ಚಿ ಕೊಡುವವರಲ್ಲ ಅಂತ ಪ್ರೊಫೆಸರು ತಮ್ಮ ಕೋಣೆಯೊಳಗಿಂದಲೇ ಹೇಳಿ ಕಳಿಸಿದರು. ಮುಂದಿನ ವಾರ ಇನ್ನೊಮ್ಮೆ ಅದೇ ಮೆಟ್ಟಿಲು ಹತ್ತಿಸಿ, ಇನ್ನೊಮ್ಮೆ ನೋಡಿ, ಕೊಟ್ಟರು. ಕೈಯಲ್ಲಿ ಗುಳಿಗೆಯ ಕವರು ಕಂಡದ್ದೇ ಲಿಫ್ಟಿನವನು ಎದ್ದು ನಿಂತು "ಬನ್ನಿ ಬನ್ನಿ, ನಿಧಾನಕ್ಕೆ ಬನ್ನಿ" ಅಂತ ಬಾಗಿಲು ತೆಗೆದ. ಹತ್ತುವಾಗ ಗಟ್ಟಿ, ಇಳಿಯುವಾಗ ರೋಗಿ. ಎಂಥ ಮರ್ಯಾದೆ!

ನನ್ನ ಗುಳಿಗೆ ಮೇಜಿನ ಡ್ರಾಯರಿಗೆ ಹೋಯಿತು. ಕಂಪನಿಗಳ ಹುನ್ನಾರ ನನಗೆ ಗೊತ್ತಿಲ್ಲವೇ? ತಂಗಿ ಮಾತ್ರ ಮಗಳ ಸಾಹೇಬರು ಕೊಟ್ಟದ್ದು ಅಂತ ತಪ್ಪದೇ ನುಂಗಿದಳು.

ಒಂದು ಮಧ್ಯಾಹ್ನ ಹೊಲಿದ ಅಂಗಿಗಳನ್ನು ಮಡಚಿಡಲು ಎದ್ದವಳಿಗೆ ಕಣ್ಣು ಕತ್ತಲೆ ಬಂತು. ಮೆಷಿನ್ನಿನ ಅಂಚಿಗೆ ಹಣೆ ಬಡಿದು ಬಿದ್ದಳು. ನಾನು ಪಕ್ಕದ ಮನೆಯವನು, ಸದ್ದು ಕೇಳಿ ಓಡಿದೆ. ಬುಗುರಿಯೂ ಬಂದಳು, ಕೊರಳಲ್ಲಿ ಒಂದು ಗುರುತುಚೀಟಿ, ಕೈಯಲ್ಲಿ ಇನ್ನೊಂದು. ಹುಬ್ಬಿನ ಮೇಲಿನ ಗಾಯ ಒರೆಸಿ ಪಟ್ಟಿ ಹಾಕಿದಳು. ಆಮೇಲೆ ಬಿಪಿ ನೋಡಿದಳು. ಪಾತಾಳಕ್ಕಿಳಿದಿತ್ತು.

ನೆಲದ ಮೇಲೆ ಬಿದ್ದ ಗುಂಡಿಗಳ ನಡುವೆ ಕೂತುಬಿಟ್ಟಳು. "ಮಾವ, ನೆಲಮಹಡಿಯಲ್ಲಿ ನೋಡಿದಾಗ ಅಮ್ಮನಿಗೆ ಬಿಪಿ ಇರಲೇ ಇಲ್ಲ."

"ಯಾವಾಗ?"

"ಅದೇ ವಾರ. ಗುಳಿಗೆ ಕೊಡೋಕೆ ಮುಂಚೆ. ನಾನೇ ನೋಡಿದ್ದು."

"ಅಲ್ಲ ಕಣೇ, ಅದೇ ತೋಳು, ಅದೇ ಕೈ, ಎರಡು ಲೆಕ್ಕ. ತಲೆಗೆ ಹೋಗಲಿಲ್ವಾ?"

"ಅಲ್ಲಿದ್ದಾಗ ಅಲ್ಲೀದು, ಇಲ್ಲಿದ್ದಾಗ ಇಲ್ಲೀದು ಮಾವ. ಚೀಟಿ ಬದಲಾಯಿಸಿದ ಮೇಲೆ ಹಿಂದಿನದು ನೆನಪಿಗೇ ಬರಲ್ಲ."

ನೆಲಮಹಡಿಯಲ್ಲಿ ಮೆಟ್ಟಿಲಿಲ್ಲ. ಬೀಗದ ಕೈ ಹಿಡಿದವರು ತಡವಾಗಿ ಬರುವುದರಿಂದ ಜನ ಉದ್ದನೆ ಬೆಂಚಿನ ಮೇಲೆ ಕೂತು ತೂಕಡಿಸುತ್ತಿದ್ದರು. ದಣಿವಾರಿದ ತೋಳಿಗೆ ಪಟ್ಟಿ ಕಟ್ಟಿದರೆ ಬಿಪಿ ಎಲ್ಲಿಂದ ಬರಬೇಕು? ಹೀಗೆ ಒಂದು ಕಡೆ ಅರ್ಧ ನಗರಕ್ಕೆ ರೋಗ, ಇನ್ನೊಂದು ಕಡೆ ಇಡೀ ನಗರ ಗುಂಡುಕಲ್ಲು. ಎರಡು ಪೇಪರಿನ ನಡುವಿನಲ್ಲೂ ಬುಗುರಿಯ ಹೆಸರು. ಇಬ್ಬರು ಮಹಾನುಭಾವರೂ ಒಬ್ಬರನ್ನೊಬ್ಬರು ಸುಳ್ಳು ಮಾಡಲು ತಯಾರಾಗುತ್ತಿದ್ದರು. ವ್ಯತ್ಯಾಸ ಏನೆಂದು ಗೊತ್ತಿದ್ದದ್ದು ಇಬ್ಬರಿಗೂ ಸುಳ್ಳು ಹೇಳಿದ ಹುಡುಗಿ ಒಬ್ಬಳಿಗೇ.

"ಅಮ್ಮನ ಗುಳಿಗೆ ಇವತ್ತೇ ನಿಲ್ಲಿಸ್ತೀನಿ" ಅಂದಳು.

"ನಿಲ್ಲಿಸು. ಸಾಲಲ್ಲಿ ನಮ್ಮ ಮುಂದೆ ನಿಂತಿದ್ನಲ್ಲ ಬಸ್ ಕಂಡಕ್ಟರು, ಅವನದು?"

ಬುಗುರಿ ನೆಲದ ಮೇಲಿನ ಗುಂಡಿಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

"ಅವನು ಬೀಳೋದು ಓಡ್ತಿರೋ ಬಸ್ಸಿನ ಬಾಗಿಲಿಂದ. ಹಣೆಗೆ ಪಟ್ಟಿ ಹಾಕಿದ್ರೆ ಸಾಕಾಗಲ್ಲ."

"ಹೇಳಿದ್ರೆ ನನ್ನ ಕಥೆ ಮುಗೀತು ಮಾವ. ಅವರೂ ಪತ್ರ ಕೊಡಲ್ಲ, ಇವರೂ ಕೊಡಲ್ಲ. ಇಷ್ಟು ದಿನ ಬಸ್ಸಲ್ಲಿ ಸತ್ತಿದ್ದು ಎಲ್ಲ ನೀರಲ್ಲಿ ಹೋಮ."

"ಹಾಗಾದ್ರೆ ಸುಮ್ಮನಿರು. ಹಾವೂ ಸಾಯಬಾರದು, ಕೋಲೂ ಮುರೀಬಾರದು. ನೀವು ಓದಿದವರು ಅದಕ್ಕೇ ತಾನೆ ಬ್ಯಾಲೆನ್ಸು ಅನ್ನೋದು?"

"ನಿಮ್ಮ ಚುಚ್ಚುಮಾತು ಸಾಕು" ಅಂತ ಎದ್ದು ಹೋದಳು. ಗೋಡೆ ಕಡೆ ತಿರುಗಿ ಮಲಗಿದ್ದ ತಂಗಿ, "ಅಣ್ಣ, ನೀನು ಯಾರನ್ನೂ ನೆಟ್ಟಗೆ ಬದುಕೋಕೆ ಬಿಡಲ್ಲ" ಅಂದಳು. ಆಮೇಲೆ, "ಆ ಕಂಡಕ್ಟರಿಗೆ ಸಣ್ಣ ಮಕ್ಕಳಿವೆ ಅಂತಿದ್ದ" ಅಂದಳು.

ಮರುದಿನ ಬುಗುರಿ ಮೂರನೇ ಮಹಡಿಗೆ ಹೋದಳು. ನಾನೂ ಹೋದೆ, ಕರೆಯದಿದ್ದರೂ. ಪ್ರೊಫೆಸರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

"ಸರ್, ಜನ ಮೆಟ್ಟಿಲು ಹತ್ತಿ ಬಂದ ಕೂಡಲೇ ಪಟ್ಟಿ ಕಟ್ತಿದ್ದೀವಿ. ನಾವು ಬರ್ಕೊಂಡಿದ್ದು ಅವರ ಬಿಪಿ ಅಲ್ಲ, ನಮ್ಮ ಮೆಟ್ಟಿಲು. ಗುಳಿಗೆ ನುಂಗಿ ತಲೆಸುತ್ತಿ ಬಿದ್ದವರೂ ಇದ್ದಾರೆ."

"ಕೂರಿಸಿ, ಸುಧಾರಿಸಿಕೊಂಡ ಮೇಲೆ ನೋಡಿ ಅಂತ ಬರೆದುಕೊಟ್ಟಿದ್ದೀನಲ್ಲ?"

"ಕುರ್ಚಿ ಇಲ್ಲ ಸರ್."

"ಕುರ್ಚಿ ಇಲ್ವಾ?" ಅವರು ತಮ್ಮ ತಿರುಗುವ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದರು. ಆ ಕೋಣೆಯಿಂದಾಚೆ ಅವರು ಬಂದು ನೋಡಿ ಎಷ್ಟು ಕಾಲವಾಗಿತ್ತೋ. "ಸರಿ. ಕೂತಾಗ ಇವರದೆಲ್ಲ ಸರಿ ಇರುತ್ತೆ ಅಂತ ನಿನಗೆ ಹೇಗೆ ಗೊತ್ತು?"

ಬುಗುರಿ ಚೀಲದಿಂದ ಇನ್ನೊಂದು ಗುರುತುಚೀಟಿ ತೆಗೆದು ಮೇಜಿನ ಮೇಲಿಟ್ಟಳು. "ಇವರಲ್ಲಿ ಕೆಲವರನ್ನ ಅಲ್ಲೂ ನಾನೇ ನೋಡಿದ್ದು ಸರ್. ಆ ಮೇಡಂ ಹತ್ರ."

ತಲೆಸುತ್ತಿ ಬಿದ್ದವರು ಯಾರು, ಎಷ್ಟು ಜನ ಅಂತ ಮನುಷ್ಯ ಕೇಳಬಹುದು ಅಂತ ನಾನು ಕಾದೆ.

"ಅವಳ ಹತ್ರಾನಾ?" ಅಂದರು. ಕುರ್ಚಿಯಿಂದ ಎದ್ದೇಬಿಟ್ಟರು. "ಎಷ್ಟು ದಿನದಿಂದ?" ಆಮೇಲೆ ದ್ರೋಹ, ನಂಬಿಕೆ, ಉಂಡ ಮನೆ ಅಂತ ಬಹಳ ಹೇಳಿದರು. ಮೆಟ್ಟಿಲ ಸುದ್ದಿ ಬರಲೇ ಇಲ್ಲ. ಆಗ ಅವರ ತೋಳಿಗೆ ಪಟ್ಟಿ ಕಟ್ಟಿದ್ದರೆ ಅವರಿಗೂ ಗುಳಿಗೆ ಕೊಡಬೇಕಾಗುತ್ತಿತ್ತು.

ಬುಗುರಿ ಎಲ್ಲ ಕೇಳಿಸಿಕೊಂಡು, "ಸರ್, ನನ್ನ ಹೆಸರು ತೆಗೀರಿ. ಜನರನ್ನ ಮಾತ್ರ ವಾಪಸ್ ಕರೆಸಿ. ಇಲ್ಲಾಂದ್ರೆ ನಾನೇ ಮನೆಮನೆಗೆ ಹೋಗಿ ಹೇಳ್ತೀನಿ" ಅಂದಳು.

ಹೆಸರು ತೆಗೆದರು. ಆ ವಿಷಯದಲ್ಲಿ ತಡಮಾಡಲಿಲ್ಲ. ಸುದ್ದಿ ನೆಲಮಹಡಿಗೂ ಮುಟ್ಟಿತು. ಪ್ರೊಫೆಸರ ಲೆಕ್ಕ ತಪ್ಪಿದ್ದಕ್ಕೆ ಮೇಡಂ ಬಾಯಿತುಂಬ ನಕ್ಕು, ನಗು ಮುಗಿದ ಮೇಲೆ ತಮ್ಮ ಪೇಪರಿನಿಂದಲೂ ಬುಗುರಿಯ ಹೆಸರು ಹೊಡೆದುಹಾಕಿದರು. ಆ ಒಂದು ವಿಷಯದಲ್ಲಿ ಎರಡೂ ಸಂಸ್ಥೆಗಳಿಗೆ ಒಮ್ಮತ ಮೂಡಿತು.

ಆದರೆ ಜನರನ್ನು ಕರೆಸಿದರು. ಮನೆಮನೆಗೆ ಹೋಗುತ್ತೇನೆ ಅನ್ನುವ ಮಾತಿಗೆ ದೊಡ್ಡವರು ಹೆದರುತ್ತಾರೆ, ಇದು ನನ್ನ ಅನುಭವ. ಹಾಲಿನಿಂದ ಕುರ್ಚಿಗಳು ವಾಪಸ್ ಬಂದವು. ಗುಳಿಗೆ ತೆಗೆದುಕೊಳ್ಳುವವರು ರೋಗಿಗಳೇ ತಾನೆ, ಹಾಗಾಗಿ ಎಲ್ಲರಿಗೂ ಲಿಫ್ಟ್. ಬುಗುರಿಗೆ ಈಗ ಅಲ್ಲಿ ಕೆಲಸವಿಲ್ಲ, ಆದರೂ ಅಮ್ಮನ ಜೊತೆ ಮಗಳಾಗಿ ಬಂದಳು. ಬೇರೆ ಯಾರೋ ಪಟ್ಟಿ ಕಟ್ಟಿದರು. ಗುಳಿಗೆ ಬಿಟ್ಟು ಕೆಲವು ವಾರಗಳಾಗಿದ್ದ ತಂಗಿಗೆ ಬಿಪಿ ಇಲ್ಲ. ಕಂಡಕ್ಟರಿಗೆ ಗುಳಿಗೆ ನಿಲ್ಲಿಸಿ ಮತ್ತೆ ಬರಲು ಹೇಳಿದರು. ಇನ್ನೂ ಹಲವರಿಗೆ ಹಾಗೆಯೇ.

ನನ್ನನ್ನು ಕೂರಿಸಿದರು, ನೀರು ಕೊಟ್ಟರು, ಸುಧಾರಿಸಿಕೊಳ್ಳಲು ಬಿಟ್ಟರು, ನೋಡಿದರು. ಮತ್ತೆ ಕೂರಿಸಿದರು, ಮತ್ತೆ ನೋಡಿದರು.

"ಮಾವ, ನಿಮ್ಮದು ಅಸಲಿ" ಅಂದಳು ಬುಗುರಿ. "ಗುಳಿಗೆ ನುಂಗ್ತಿದ್ದೀರಾ?"

"ಡ್ರಾಯರಲ್ಲಿದೆ."

"ಡ್ರಾಯರಿಗೆ ಬಿಪಿ ಇಲ್ಲ ಮಾವ."

ಸುತ್ತಲಿದ್ದವರು ನಕ್ಕರು. ಎಷ್ಟೋ ಸರಕಾರಗಳ ಎದುರು ನಿಂತವನು ಆ ಹುಡುಗಿಯ ಎದುರು ಹೊಸ ಗುಳಿಗೆಯ ಕವರಿಗೆ ಕೈ ಚಾಚಿದೆ.

ಇಳಿಯಲು ಬಂದೆವು. ಲಿಫ್ಟಿನವನು ಮೊದಲು ತಂಗಿಯನ್ನು ನೋಡಿದ. ಕೈ ಖಾಲಿ.

"ಗುಳಿಗೆ ಇಲ್ವಾ ಅಮ್ಮ?"

"ಇಲ್ಲಪ್ಪ, ನನಗೇನೂ ಆಗಿಲ್ವಂತೆ."

"ಒಳ್ಳೇದಾಯ್ತು. ಹಾಗಾದ್ರೆ ಮೆಟ್ಟಿಲು ಆ ಕಡೆ."

ತಂಗಿ ನಗುತ್ತ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಕಡೆ ನಡೆದಳು. ಬುಗುರಿ ಅಮ್ಮನ ಚೀಲ ಇಸಿದುಕೊಂಡು ಹಿಂದೆಯೇ ಇಳಿದಳು. ಅವಳ ಕೊರಳಲ್ಲಿ ಈಗ ಒಂದೇ ಚೀಟಿ, ಅವಳದೇ ಕಾಲೇಜಿನದು. ಕೈ ತೊಳೆಯದವರನ್ನು ಕಾಯುವ ಆ ಕೆಲಸ ಒಂದು ಉಳಿದಿತ್ತು. ಅದಕ್ಕೆ ಪತ್ರ ಯಾರು ಕೊಡುತ್ತಾರೋ ನೋಡಬೇಕು.

ಲಿಫ್ಟಿನವನು ನನ್ನ ಕೈಯಲ್ಲಿದ್ದ ಹೊಸ ಕವರನ್ನು ನೋಡಿ ಬಾಗಿಲು ತೆಗೆದ. "ಬನ್ನಿ ಯಜಮಾನರೇ, ನಿಧಾನಕ್ಕೆ."

ಸಾರ್ವಜನಿಕ ಸೊತ್ತು, ಜನರ ದುಡ್ಡು ಎಲ್ಲ ನೆನಪಿತ್ತು. ಆದರೆ ಮೊಣಕಾಲು ನೋಯುತ್ತಿತ್ತು. ಒಳಗೆ ಹೋಗಿ ನಿಂತೆ.