ಪಾಕೀಟು ಓದಿಸಿದ ಮಧುಮತಿ ಅಕ್ಕೋರು

ಜೊಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ ಮಗ್ಗಿ ಹೇಳಿಸಿದವರು, ಕಾಗುಣಿತ ತಿದ್ದಿಸಿದವರು ನೂರಾರು ಮಂದಿ ಇದ್ದಾರೆ. ಆದರೆ ಅಂಗೈಯಲ್ಲಿ ಐದು ರೂಪಾಯಿ ಬಿಗಿಹಿಡಿದು ಅಂಗಡಿಗೆ ಓಡುವ ಏಳು ವರ್ಷದ ಮಗುವೂ ಒಬ್ಬ ಗಿರಾಕಿಯೇ, ಆ ಗಿರಾಕಿಗೆ ಹಕ್ಕೂ ಉಂಟು ಹೊಣೆಯೂ ಉಂಟು ಎಂದು ತಿಳಿದು ಪಾಠ ಮಾಡಿದವರು ನಮಗೆ ಗೊತ್ತಿರುವ ಮಟ್ಟಿಗೆ ಶ್ರೀಮತಿ ಮಧುಮತಿ ಹಿರೇಮಠ ಒಬ್ಬರೇ. ಮಕ್ಕಳ ಬಾಯಲ್ಲಿ ಅವರು ಎಂದಿಗೂ ‘ಅಕ್ಕೋರು’. ಮೂವತ್ತೊಂದು ವರ್ಷಗಳ ಸೇವೆಯ ಬಳಿಕ ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ.

ಹಳಿಯಾಳದ ಕಿರಾಣಿ ವ್ಯಾಪಾರಿ ಅಡಿವೆಯ್ಯನವರ ಮಗಳಾದ ಅವರು ಬೆಲ್ಲ, ಬೇಳೆಗಳ ಚೀಲದ ನಡುವೆಯೇ ಬೆಳೆದವರು. ತೂಗುವಾಗ ತಂದೆ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ತಕ್ಕಡಿಯ ಮುಳ್ಳನ್ನಷ್ಟೇ ನೋಡುತ್ತಿದ್ದರು ಎಂದು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಮೊದಲ ನೇಮಕ ಜೊಯಿಡಾದ ಕಾಡಿನೊಳಗಿನ ಶಾಲೆಗೆ. ಅಲ್ಲಿ ಸುದೀಪನೆಂಬ ಮೂರನೆಯ ಇಯತ್ತೆಯ ಹುಡುಗ ಕೊಂಡ ಪೆನ್ನು ಮಾರನೆಯ ದಿನವೇ ಬರೆಯದಾಯಿತು. ಅವನು ಬಾಯಿಬಿಡದೆ ಸೀಸದಕಡ್ಡಿಯಲ್ಲಿ ಬರೆಯತೊಡಗಿದ. ಇದನ್ನು ಕಂಡ ಅಕ್ಕೋರು ದಿನಕ್ಕೆರಡೇ ಸಲ ಬರುವ ಬಸ್ಸು ಹಿಡಿದು ಅವನನ್ನು ಅಂಗಡಿಗೇ ಕರೆದೊಯ್ದರು. “ಜಗಳಾ ಆಡಬ್ಯಾಡ. ಅಂಜಿ ಸುಮ್ಮನೂ ಇರಬ್ಯಾಡ. ಪೆನ್ನು ತೋರಿಸು, ಆದದ್ದು ಹೇಳು” ಎಂದು ಕಲಿಸಿ, ತಾವು ಹೊರಗೆ ನಿಂತರು. ಹುಡುಗ ಒಳಗೆ ಹೋಗಿ, ಅರ್ಧ ಕೊಂಕಣಿ ಅರ್ಧ ಕನ್ನಡದಲ್ಲಿ ಕೇಳಿ, ಬೇರೆ ಪೆನ್ನು ತಂದ. ಆ ದಿನ ಅವನಿಗೆ ಬಂದ ಎದೆಗಾರಿಕೆಯ ಮುಂದೆ ಪೆನ್ನು ಏನು ಮಹಾ.

ದಾಂಡೇಲಿಗೆ ವರ್ಗವಾದ ಮೇಲೆ, ವಹಿಯ ಹಾಳೆ ಪರಪರನೆ ಹರಿದು ವಿಮಾನ ಹಾರಿಸುವ ಮಕ್ಕಳನ್ನು ಅವರು ಬೈಯಲಿಲ್ಲ. ಅದೇ ತರಗತಿಯ ಸಚಿನನ ತಂದೆ ಕಾಗದ ಮಾಡುವ ಕೆಲಸದವರು. ಪಾಳಿ ಮುಗಿಸಿ ಮನೆಗೆ ಹೊರಟ ಅವರನ್ನು ಶಾಲೆಗೆ ಬರಮಾಡಿಕೊಂಡು, ಒಂದು ಹಾಳೆಗೆ ಎಷ್ಟು ಕಟ್ಟಿಗೆ, ಎಷ್ಟು ನೀರು, ಎಷ್ಟು ಜನರ ಬೆವರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿದರು. ಆ ವರ್ಷ ಮಕ್ಕಳು ಹಾಳೆಯ ಎರಡೂ ಮಗ್ಗುಲು ಬರೆದರು, ಅಂಚನ್ನೂ ಬಿಡಲಿಲ್ಲ.

ಅವರ ಹೆಸರಿಗೆ ಅಂಟಿಕೊಂಡ ‘ಪಾಕೀಟಿನ ಪಾಠ’ ಶುರುವಾದದ್ದು ಮುಂಡಗೋಡ ತಾಲ್ಲೂಕಿನಲ್ಲಿ, ಸನವಳ್ಳಿಯ ಆಚೆಗಿನ ಪುಟ್ಟ ಊರೊಂದರ ಶಾಲೆಯಲ್ಲಿ. ವಾರವಿಡೀ ತಿಂದ ತಿನಿಸಿನ ಖಾಲಿ ಪಾಕೀಟುಗಳನ್ನು ಮಕ್ಕಳು ತೊಳೆದು ಒಣಗಿಸಿ ಶನಿವಾರ ತರಬೇಕು. ಅದರ ಮೇಲಿನ ತೂಕ, ಬೆಲೆ, ತಾರೀಖು ಓದಬೇಕು. ತಾರೀಖಿನ ಪಾಠಕ್ಕೆ ಅಕ್ಕೋರು ತಮ್ಮ ಮನೆಯ ಕೆಮ್ಮಿನ ಔಷಧದ ಬಾಟಲಿ ಒಯ್ದರು. ಅದರ ಕೊನೆಯ ತಾರೀಖು ತೋರಿಸಿ, “ಇದು ದಾಟಿದ್ರ ತಗೋಬ್ಯಾಡ್ರಿ” ಎಂದರು. ಗಂಟೆ ಹೊಡೆಯಿತು, ಪಾಠ ಅಲ್ಲಿಗೇ ನಿಂತಿತು.

ಊರಿಗಿದ್ದದ್ದು ಕಾಶೆವ್ವನ ಅಂಗಡಿ ಒಂದೇ. ಗಂಡ ತೀರಿದ ಮೇಲೆ ಹದಿನಾಲ್ಕು ವರ್ಷ ಅದೇ ಅವಳ ಅನ್ನ. ಅವಳಿಗೆ ಓದು ಬಾರದು. ನಾಲ್ಕನೆಯ ಇಯತ್ತೆಯ ತುಳಜಾ ಆ ಸಂಜೆ ಅಲ್ಲಿನ ಬಿಸ್ಕೀಟಿನ ಪಾಕೀಟುಗಳನ್ನೆಲ್ಲ ತಿರುಗಿಸಿ ನೋಡಿದಳು. ಅವುಗಳ ಮೇಲೆ ಇದ್ದದ್ದು ತಯಾರಾದ ತಾರೀಖು. ಅಲ್ಲಿಂದ ಆರು ತಿಂಗಳೊಳಗೆ ತಿನ್ನಬಹುದೆಂಬ ಮಾತು ಮೂಲೆಯಲ್ಲಿ ಸಣ್ಣ ಇಂಗ್ಲಿಷಿನಲ್ಲಿತ್ತು. ಹುಡುಗಿಗೆ ಕಂಡದ್ದು ಇಷ್ಟೇ: ಎಲ್ಲ ತಾರೀಖೂ ದಾಟಿವೆ. ಅವಳು ತಾಯಿ ದೇವಿಬಾಯಿಗೆ ಹೇಳಿದಳು, ದೇವಿಬಾಯಿ ಓಣಿಗೆ ಹೇಳಿದಳು. ಶಾಲೆಯ ಅಕ್ಕೋರೇ ಹೇಳಿಕೊಟ್ಟದ್ದು ಎಂದ ಮೇಲೆ ಕೇಳುವುದೇನಿದೆ? ಮೂರು ಮನೆಯವರು ಕೊಂಡ ಸಾಮಾನು ವಾಪಸು ತಂದು ಕಟ್ಟೆಯ ಮೇಲೆ ಸುರಿದು ಹೋದರು. ಎಲ್ಲರಿಗಿಂತ ಗಟ್ಟಿಯಾಗಿ ಅದನ್ನು ನಂಬಿದವಳು ಕಾಶೆವ್ವ. ಇಷ್ಟು ದಿನ ಊರ ಮಕ್ಕಳಿಗೆ ವಿಷ ತಿನ್ನಿಸಿದೆನಲ್ಲ ಎಂದು ಅತ್ತು, ಒಳ್ಳೆಯ ಮಾಲನ್ನೆಲ್ಲ ತಿಪ್ಪೆಗೆ ಸುರಿದು ಬಾಗಿಲು ಹಾಕಿಕೊಂಡಳು.

ಮುಂದಿನ ಶನಿವಾರ ಮಕ್ಕಳು ತಿಪ್ಪೆಯಿಂದ ಆರಿಸಿ ತಂದ ಒಡೆಯದ ಪಾಕೀಟುಗಳನ್ನು ಕಂಡು, ಮೂಲೆಯ ಸಣ್ಣಕ್ಷರ ಓದಿ, ಅಕ್ಕೋರಿಗೆ ಜೀವ ಹಾರಿದಂತಾಯಿತು. ಮಕ್ಕಳು ತಪ್ಪು ಓದಿದವೆಂದು ಹೇಳಿಬಿಡಿ, ಮುಗಿಯಿತು ಎಂದು ಮುಖ್ಯಗುರುಗಳಾದ ಶರಣಬಸವ ಅವರು ಸಮಾಧಾನ ಹೇಳಿದರು. “ಕಲಿಸಿದಷ್ಟನ್ನ ಅವು ಸರಿಯಾಗೇ ಓದ್ಯಾವ್ರಿ ಸರ್. ಅರ್ಧಾ ಕಲಿಸಿದಾಕಿ ನಾನು” ಎಂದರು ಅಕ್ಕೋರು.

ಅಂದು ಸಂಜೆ, ಹೆಂಗಸರು ನೀರಿಗೆ ಸೇರುವ ಹೊತ್ತಿಗೆ, ಅವರು ಕಾಶೆವ್ವನ ಕಟ್ಟೆಯ ಮುಂದೆ ನಿಂತು ತಪ್ಪು ತಮ್ಮದೆಂದು ಎಲ್ಲರಿಗೂ ಕೇಳುವಂತೆ ಹೇಳಿದರು, ಒಂದು ಪಾಕೀಟು ಒಡೆದು ಅಲ್ಲೇ ತಿಂದರು. ಕಾಶೆವ್ವ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ.

“ಮಂದಿ ನಂಬಿದ್ದು ಹೋಗ್ಲಿ ಬಿಡ್ರಿ. ನನ್ನ ಅಂಗಡಿ ಮ್ಯಾಲ ನನಗ ನಂಬಿಕಿ ಇಲ್ದಂಗ ಮಾಡಿದ್ರಲ್ರಿ ಅಕ್ಕೋರ.”

ಅಕ್ಕೋರು ಸೋಮವಾರ ಮಕ್ಕಳಿಗೆ ತಿಂಗಳು ಕೂಡಿಸಿ ನೋಡುವುದನ್ನು ಕಲಿಸಿ ಪಾಠ ಪೂರ್ತಿಮಾಡಿದರು, ಮತ್ತೆ ಪಾಕೀಟು ಮುಟ್ಟುವುದಿಲ್ಲವೆಂದು ನಿಶ್ಚಯಿಸಿದರು. ಎರಡು ಶನಿವಾರ ಬರೀ ಹಾಡಿನಲ್ಲಿ ಕಳೆದವು.

ಮೂರನೆಯ ಶನಿವಾರ ಕಾಶೆವ್ವ ಸೆರಗಿನಲ್ಲಿ ಪಾಕೀಟು ಕಟ್ಟಿಕೊಂಡು ಶಾಲೆಯ ಬಾಗಿಲಲ್ಲಿ ನಿಂತಿದ್ದಳು. “ವ್ಯಾನಿನಾಂವ ಹೊಸಾ ಮಾಲು ಕೊಟ್ಟು ಹೋಗ್ಯಾನ. ಅಂಗಡ್ಯಾಗ ಇಡಾಕ ಧೈರ್ಯ ಆಗವಲ್ದು. ಓದಿ ಹೇಳ್ರಿ.” ಅಕ್ಕೋರು ಕೈಚಾಚಿದರು. “ನೀವಲ್ರಿ. ಆ ಹುಡುಗಿ ಓದ್ಲಿ.”

ತುಳಜಾ ಎದ್ದುಬಂದಳು. ಬೆರಳು ಮಡಿಸಿ ತಿಂಗಳು ಎಣಿಸಿ, ಮೂರು ಪಾಕೀಟು ಚಲೋ ಇವೆ ಎಂದಳು. ನಾಲ್ಕನೆಯದನ್ನು ಎರಡು ಸಲ ಎಣಿಸಿದಳು. ಕಣ್ಣಲ್ಲಿ ನೀರು ತುಂಬಿತು, ಪಾಕೀಟನ್ನು ಬೆನ್ನ ಹಿಂದೆ ಮುಚ್ಚಿಕೊಂಡಳು. ನಿಜ ಹೇಳಿದರೂ ಒಬ್ಬಳ ಹೊಟ್ಟೆಯ ಮೇಲೆ ಹೊಡೆದಂತಾದೀತೆಂಬ ಅಂಜಿಕೆ ಒಂಬತ್ತು ವರ್ಷದ ಮಗುವಿಗೆ ಬಂದಿತ್ತು. ಆ ಅಂಜಿಕೆಯೂ ತಮ್ಮದೇ ಪಾಠದ ಫಲವೆಂದು ಅಕ್ಕೋರಿಗೆ ತಿಳಿಯಿತು. ಅದನ್ನು ಬೆಳೆಯಗೊಟ್ಟರೆ ತಾವು ಮಾಡುವ ಎರಡನೆಯ ಅನ್ಯಾಯ ಅದೇ ಎಂದೂ ತಿಳಿಯಿತು.

“ಏನು ಬರದೈತಿ, ಅದನ್ನ ಹೇಳವಾ” ಎಂದರು.

“ಆಯಿ, ಇದು ಹೋದ ತಿಂಗಳ ಮುಗದೈತಿ.”

ಕಾಶೆವ್ವ ಅದೊಂದನ್ನು ಬೇರೆ ಇಟ್ಟು, ಹುಡುಗಿಯ ತಲೆ ಸವರಿ, ಉಳಿದವನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಅಂದಿನಿಂದ ಮಕ್ಕಳು ಓದದ ಮಾಲು ಆ ಅಂಗಡಿಗೆ ಏರಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು; ಎರಡು ಮನೆಯವರು ಬರಲೇ ಇಲ್ಲ. ಕೊಳ್ಳುವವರ ಮಾತಿಗೆ ಇರುವ ಪೆಟ್ಟು ಎಂಥದ್ದೆಂದು ತಿಳಿಸಲು ಆ ಮೇಲಿನ ಪ್ರತಿ ತರಗತಿಗೂ ಅಕ್ಕೋರು ಇದನ್ನೇ, ತಮ್ಮ ಹೆಸರು ಹಿಡಿದೇ, ಹೇಳುತ್ತ ಬಂದರು.

ಇಂಥ ಗುರುಗಳಿಗೆ ಆರೋಗ್ಯ, ನೆಮ್ಮದಿ, ದೀರ್ಘಾಯುಷ್ಯ ದೊರೆಯಲಿ. ನಿವೃತ್ತಿಯ ಬಳಿಕ ಊರ ಹೆಂಗಸರಿಗೆ ಓದು ಕಲಿಸುವ ಅವರ ಸಂಕಲ್ಪ ಕೈಗೂಡಲಿ. ಅವರ ಈ ಅಭಿನಂದನ ಗ್ರಂಥಕ್ಕೆ ಎರಡು ಮಾತು ಕೇಳಲು ಹೋದಾಗ ಕಾಶೆವ್ವ ಹೇಳಿದಳು: “ಅವರು ಮಾಡಿದ್ದು ನಾ ಮರತಿಲ್ರಿ. ಕಟ್ಟಿ ಮುಂದ ಬಂದು ನಿಂತಿದ್ದೂ ಮರತಿಲ್ಲ. ಅವತ್ತು ನಾ ಒಳಗ ಕರೀಲಿಲ್ಲ. ಈಗ ಬರ್ರಿ ಅಂತ ಬರೀರಿ.”