ಗಿಣಿ ಚೀಟಿಯ ದಾಳಿಂಬೆ

ಮೊಮ್ಮಗಳು ಸೇಬಿನ ಮೇಲಿನ ಚೀಟಿ ಕಿತ್ತು ನನ್ನ ಮೊಣಕೈಗೆ ಅಂಟಿಸಿ ಓಡಿಹೋದಳು. ಉಗುರಿನಿಂದ ಕೆರೆದರೂ ಬರಲಿಲ್ಲ. ಈಗಿನ ಅಂಟೇ ಅಂಥದ್ದು. ನಮ್ಮದು ಮೈದಾ ಹಿಟ್ಟಿನ ಗಂಜಿ. ಜಿರಳೆ ಬಂದರೆ ಗಂಜಿ ಜೊತೆ ಚೀಟಿಯನ್ನೂ ತಿಂದು ಹೋಗುತ್ತಿತ್ತು.

ನಿಮಗೆ ಗೊತ್ತಿರಲಿಕ್ಕಿಲ್ಲ, ಹಗರಿಬೊಮ್ಮನಹಳ್ಳಿ ಕಡೆ ದಾಳಿಂಬೆ ಜೋರಾಗಿದ್ದಾಗ ಒಂದೊಂದು ತೋಟದ ಪೆಟ್ಟಿಗೆಗೂ ಒಂದೊಂದು ಬಣ್ಣದ ಚಿತ್ರ. ಹುಲಿ, ಲಕ್ಷ್ಮಿ, ಕ್ರಿಕೆಟ್ ಬ್ಯಾಟು. ಒಬ್ಬನಂತೂ ತನ್ನ ಮೀಸೆಯನ್ನೇ ಹಾಕಿಸಿದ್ದ. ನಮ್ಮ ಯಜಮಾನರು ಕೊಟ್ಟೂರಿನ ಪ್ರೆಸ್ಸಿನಲ್ಲಿ ಹಸಿರು ಗಿಣಿ ಮಾಡಿಸಿದರು. ಅದು ಕೋಳಿಯಂತಿತ್ತು. ಹಾಗಂದಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತಿಲ್ಲ. ಆದರೆ ಉಳಿದವರು ಮೇಲೆ ದಪ್ಪ ಹಣ್ಣು, ಕೆಳಗೆ ಗೋಲಿಯಂಥವು ಇಟ್ಟರೆ, ಇವರು ತಳದವರೆಗೂ ಒಂದೇ ಥರ ಇಡಿಸುತ್ತಿದ್ದರು. ದಾವಣಗೆರೆ ಮಾರ್ಕೆಟ್ಟಿನಲ್ಲಿ ಗಿಣಿ ಪೆಟ್ಟಿಗೆಯನ್ನು ಬಿಚ್ಚಿ ನೋಡದೆ ಕೊಳ್ಳುತ್ತಿದ್ದರು. ಇವರಿಗೆ ಅದೇ ದೊಡ್ಡಸ್ತಿಕೆ.

ಒಂದು ಮುಂಜಾನೆ ಹಲವಾಗಲಿಗೆ ಕೊಟ್ಟ ನನ್ನ ತಂಗಿ ಬಂದು, ತಮ್ಮ ಪೆಟ್ಟಿಗೆಗೆ ಚೀಟಿ ಇಲ್ಲ, ಒಂದು ಕಟ್ಟು ಕೊಡು ಅಂದಳು. ಬಾಗಿಲಿಗೆ ಬಂದವರಿಗೆ ಮೊಸರಿನ ಹೆಪ್ಪು ಇಲ್ಲ ಅನ್ನುತ್ತೇವೇನು? ಹಾಗೇ ಕೊಟ್ಟೆ. ಅವಳ ಪೆಟ್ಟಿಗೆಯ ತಳದಲ್ಲಿ ಬರೀ ಚುಕ್ಕಿ ಬಿದ್ದ ಹಣ್ಣು. ಮುಂದಿನ ವಾರ ಮಾರ್ಕೆಟ್ಟಿನವರು ನಮ್ಮ ಪೆಟ್ಟಿಗೆಗಳನ್ನೂ ನೆಲಕ್ಕೆ ಸುರುವಿ ನೋಡಿದರು.

ಇವರು ಮನೆಗೆ ಬಂದು ಚೀಟಿ ಯಾರು ಕೊಟ್ಟರೆಂದು ಕೇಳಿದಾಗ ನಾನು ಒಲೆ ಊದುತ್ತಾ ಸುಮ್ಮನಿದ್ದೆ. ಚೀಟಿ ಅಂಟಿಸುತ್ತಿದ್ದವಳು ನಮ್ಮ ಓಣಿಯ ಕೊಟ್ರವ್ವ. ಅವಳೇ ಮಾರಿಕೊಂಡಿರಬೇಕೆಂದು, ನಾಳೆಯಿಂದ ಬರಬೇಡ ಅಂದರು. ಗಂಜಿ ಮೆತ್ತಿದ ಕೈ ತೊಳೆದುಕೊಂಡು ಹೋದಳು. ಆಮೇಲೆ ಯಾವ ತೋಟದವರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಇವರು ಮತ್ತೆ ಗಿಣಿ ಅಚ್ಚು ಹಾಕಿಸಲಿಲ್ಲ. ಇವರು ಸಾಯುವವರೆಗೂ ನಾನು ಬಾಯಿ ಬಿಡಲಿಲ್ಲ.

ಇನ್ನು ಹೊರಲಾರೆ ಅನ್ನಿಸಿತು ಇವತ್ತು. ಎದ್ದು ಮೂರನೇ ಮನೆಗೆ ಹೋದೆ. ಕೊಟ್ರವ್ವ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಆ ಚೀಟಿ ಕೊಟ್ಟವಳು ನಾನು ಅಂದೆ.

"ಗೊತ್ತೈತಿ ಬಿಡಕ್ಕ. ನೀ ಕೊಡಾಗ ನಾ ಅಲ್ಲೇ ಗಂಜಿ ಕಲಸ್ತಿದ್ನಲ್ಲ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನೀ ಹೇಳ್ತಿ ಅಂತ ಕುಂತಿದ್ದೆ."

ಅವಳು ಸರಿದು ಜಾಗ ಕೊಡಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹೊಸ್ತಿಲ ಹೊರಗೇ ಕುಂತು, ಒಂದು ಹಿಡಿ ಹುಣಸೆಹಣ್ಣು ಎಳೆದುಕೊಂಡು ನಾನೂ ಬೀಜ ಬಿಡಿಸತೊಡಗಿದೆ.